ಕೂದಲೆಳೆಯ ಸೀಳು

ಪೀಣ್ಯ ಎರಡನೇ ಹಂತ. ಪಕ್ಕಕ್ಕೆ ಪೌಡರ್ ಕೋಟಿಂಗ್,
ಎದುರಿಗೆ ಚಹದಂಗಡಿ, ಮಧ್ಯೆ ಕಾದ ತಗಡಿನ ಶೆಡ್ಡು.
ಅದರೊಳಗೆ ನಾನು
ಉಕ್ಕಿಗೆ ಅಲೆ ಕಲಿಸುತ್ತೇನೆ.

ಅರ್ಧ ಮಿಲಿಮೀಟರು ದಪ್ಪ, ಕಿರುಬೆರಳುದ್ದ.
ಪೆಡಲು ತುಳಿದರೆ ಒಂದು ಅಲೆ,
ಮತ್ತೆ ತುಳಿದರೆ ಮತ್ತೊಂದು.
ಪಾಳಿಗೆ ಎರಡು ಸಾವಿರದ ನಾನೂರು ಅಲಗು.
ಸಮುದ್ರ ನೋಡಿದವಳಲ್ಲ,
ನನಗೆ ಗೊತ್ತಿರುವ ಅಲೆ ಇಷ್ಟೇ.

ಯಾಕಿದು ಎಂದು ಮೊದಲ ವರ್ಷ ಕೇಳಲಿಲ್ಲ.
ಎರಡನೇ ವರ್ಷ, ಕರೆಂಟು ಹೋಗಿದ್ದಾಗ,
ಫೋರ್‌ಮನ್ ಬೋರಲಿಂಗಯ್ಯ ಬೀಡಿ ಆರಿಸಿ ಹೇಳಿದ:
‘ಟೈರಿನ ಅಚ್ಚಿಗೆ ಕಣಮ್ಮ.
ನಿನ್ನ ಅಲಗು ಕೂತ ಕಡೆ ರಬ್ಬರಿಗೆ ಸೀಳು ಬೀಳ್ತದೆ,
ಕೂದಲೆಳೆಯಷ್ಟು. ಆ ಸೀಳು ಹಿಮಾನ ಕಚ್ತದೆ.
ಅಲ್ಲಿಯೋರು ಚಳಿ ಶುರುವಾಯ್ತು ಅಂದ್ರೆ
ನಾಲ್ಕೂ ಚಕ್ರ ಬಿಚ್ಚಿ ಬೇರೆ ಹಾಕ್ಕೊಂತಾರೆ.’

ಕಾಲಿಗೆ ತಕ್ಕ ಚಪ್ಪಲಿ ಕೇಳಿದ್ದೆ.
ಕಾಲಕ್ಕೆ ತಕ್ಕ ಚಕ್ರ, ಅವತ್ತೇ ಕೇಳಿದ್ದು.

ಸಾಹೇಬರ ಮೇಜಿನ ಮೇಲೊಂದು ತುಂಡಿದೆ,
ಮೈಸೂರು ಪಾಕಿನ ಹಾಗೆ ಕೊಯ್ದ ಟೈರಿನ ತುಂಡು.
ಬದಿಯಲ್ಲಿ ಮೂರು ಶಿಖರದ ಬೆಟ್ಟ,
ಬೆಟ್ಟದ ಹೊಟ್ಟೆಯಲ್ಲಿ ಒಂದು ಹಿಮದ ಹೂವು.
ನಗೀನಾ ಒತ್ತಿ ನೋಡಿದಳು: ‘ಇಷ್ಟು ಮೆತ್ತಗಾ?’
‘ಮಿಕ್ಕ ರಬ್ಬರು ಚಳಿಗೆ ಬೀಗರ ಥರ ಸೆಟೆದುಕೊಳ್ತದೆ,
ಸೆಟೆದದ್ದು ಜಾರ್ತದೆ,’ ಎಂದ ಬೋರಲಿಂಗಯ್ಯ.
‘ಇದು ಮೆತ್ತಗೇ ಇರ್ತದೆ. ಆದ್ರೆ ಇಲ್ಲಿಗೆ ತಂದರೋ,
ತುಮಕೂರು ರಸ್ತೆಯ ಬಿಸಿಲಿಗೆ ಬೇಗ ಸವೆದು ಹೋಗ್ತದೆ.’

ನನ್ನ ಹೆಬ್ಬೆರಳಲ್ಲೂ ಸೀಳುಗಳಿವೆ.
ಗ್ಲೌಸು ಹಾಕಿದರೆ ಲೆಕ್ಕ ತಪ್ಪುತ್ತದೆ,
ಹಾಕದಿದ್ದರೆ ಅಲಗು ಗೆರೆ ಎಳೆಯುತ್ತದೆ.
ರೇಷನ್ ಅಂಗಡಿಯಲ್ಲಿ ಯಂತ್ರದ ಮೇಲೆ ಒತ್ತಿದೆ.
ಕೆಂಪು ದೀಪ.
ಒರೆಸಿ ಒತ್ತಿದೆ, ಉಗುಳು ಹಚ್ಚಿ ಒತ್ತಿದೆ.
ಕೆಂಪು.
‘ಇದು ನೀವಲ್ಲ ಅಂತಿದೆ,’ ಎಂದ ಹುಡುಗ.
ಹಿಂದೆ ಸಾಲು ನಿಂತವರು ಚೀಲ ಕೊಡವಿದರು.
ನಾನಲ್ಲದಿದ್ದರೆ ಮತ್ತಾರು ಎಂದು
ದಾಸರಹಳ್ಳಿಯವರೆಗೂ ಯೋಚಿಸುತ್ತಾ ನಡೆದೆ,
ಅಕ್ಕಿಯಿಲ್ಲದೆ.

ಏಪ್ರಿಲಿನ ಒಂದು ಸಂಜೆ ನಾಲ್ಕಕ್ಕೆ
ಬೆಳಕು ಹಳದಿಯಾಯಿತು, ತಗಡು ಗುಡುಗಿತು,
ಯಾರೋ ಮೇಲಿಂದ ಬೋಲ್ಟು ಸುರಿದ ಸದ್ದು.
ಆಲಿಕಲ್ಲು!
ಪ್ರೆಸ್ಸು ಬಿಟ್ಟು ಎಲ್ಲ ಬಾಗಿಲಿಗೆ ಓಡಿದೆವು.
ಹತ್ತು ನಿಮಿಷದಲ್ಲಿ ರಸ್ತೆ ಬಿಳಿ.
ಏರಿನಲ್ಲಿ ಒಂದು ಆಟೋ, ಬೋಳು ಚಕ್ರದ್ದು,
ಅವಸರವೇ ಇಲ್ಲದೆ ಹಿಂದಕ್ಕೆ ಜಾರಿಕೊಂಡು ಬಂತು,
ಅರ್ಧ ತಿರುಗಿತು, ಚಹದಂಗಡಿಯ ಬೆಂಚಿಗೆ ಒರಗಿತು.
ಡ್ರೈವರು ಇಳಿದು, ಏನೂ ಆಗದವನಂತೆ,
ಒಂದು ಚಹ ಹೇಳಿದ.

ಎಲ್ಲರೂ ನಗುತ್ತಿದ್ದಾಗ ನಾನು ಒಳಗೆ ಹೋದೆ.
ಸಾಹೇಬರ ಕುರ್ಚಿ ಖಾಲಿ.
ತುಂಡನ್ನು ಸೆರಗಿನಲ್ಲಿ ಮುಚ್ಚಿ ತಂದು
ಗೋಡೆಯ ಬುಡದ ಬಿಳಿ ರಾಶಿಗೆ
ಎರಡೂ ಕೈ ಊರಿ ಒತ್ತಿದೆ, ಮಂಡಿಯ ಭಾರವನ್ನೂ ಹಾಕಿ.
ಮಂಡಿ ಒದ್ದೆಯಾಯಿತು. ಎಣಿಸಿದೆ ಹತ್ತು.
ಎತ್ತಿದೆ.

ಅಲೆ.
ಒಂದರ ಪಕ್ಕ ಒಂದು, ನಾನು ತುಳಿದ ಅಲೆಗಳು,
ಎಡಗಡೆಯದು ಸ್ವಲ್ಪ ವಾರೆ.
ಅದು ಮೂರನೇ ಪ್ರೆಸ್ಸಿನ ದೋಷ, ನನಗೆ ಗೊತ್ತು,
ಮೂರನೇ ಪ್ರೆಸ್ಸು ನನ್ನದು.

‘ನಗೀನಾ, ಫೋನು ತಾರೇ!’
ಅವಳು ಫೋನು ತರುವಷ್ಟರಲ್ಲಿ, ಕೋಡ್ ಒತ್ತುವಷ್ಟರಲ್ಲಿ,
ಗೋಡೆಯ ಬುಡದಲ್ಲಿ ಬರೀ ನೀರು.
ಅವಳು ಅದರದ್ದೇ ಒಂದು ಫೋಟೋ ತೆಗೆದಳು.

ಗಂಟೆ ಹೊಡೆಯಿತು. ಬೋರಲಿಂಗಯ್ಯ ಒಳಗಿಂದ ಕೂಗಿದ.
ತುಂಡನ್ನು ಒರೆಸಿ ಇಡಲು ಹೋದರೆ
ನನ್ನ ಸೆರಗಿನ ಒಂದು ಎಳೆ ಸೀಳಿಗೆ ಸಿಕ್ಕಿಕೊಂಡಿತ್ತು.
ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು.